ಚಿಕ್ಕಮ್ಮ ಕೇಳಿದ ಪ್ರಶ್ನೆ

ಭಾನುವಾರ ನಾಟಕ ಆಯಿತು. ಹೆಂಗಸರ ವೋಟಿಗಾಗಿ ಹೋರಾಡಿದ ಐರಿಶ್ ಹೆಂಗಸು ಮಾರ್ಗರೆಟ್ ಕಸಿನ್ಸ್ ಆಗಿ ಒಂದು ಗಂಟೆ ನಿಮ್ಮೆದುರು ನಿಂತೆ. ಹಾಲ್ ಕೊಡಿಸಿದವರು, ಲೈಟ್ ನೋಡಿಕೊಂಡ ಹುಡುಗರು, ಐರಿಶ್ ಹೆಸರುಗಳನ್ನು ತಿದ್ದಿಕೊಟ್ಟ ಗೆಳತಿ, ಎಲ್ಲರ ಋಣವೂ ನನ್ನ ಮೇಲಿದೆ.

ಚಿಕ್ಕಮ್ಮನ ಬಗ್ಗೆ ಮಾತ್ರ ಜಾಸ್ತಿ ಬರೆಯಬೇಕು.

ನಮ್ಮ ಮನೆಯವರು ಹೋದದ್ದು ನಿಮಗೆಲ್ಲ ಗೊತ್ತು. ಬಂದವರೆಲ್ಲ ಹೊರಟ ಆ ರಾತ್ರಿ ಚಿಕ್ಕಮ್ಮ ಒಬ್ಬರೇ ಉಳಿದರು. ನಾಟಕ ಮಾಡುವುದಿಲ್ಲ ಅಂದೆ. ಅವರು ಗಂಜಿ, ಉಪ್ಪಿನಕಾಯಿ ತಂದಿಟ್ಟು, "ಬರೆದಷ್ಟು ಓದು ಮಾರಾಯ್ತಿ" ಅಂದರು.

ಓದಿದೆ. ಹೆಂಗಸರ ವೋಟಿಗಾಗಿ 1910ರಲ್ಲಿ ಲಂಡನ್ನಿನ ಹಾಲೊವೇ ಜೈಲು. 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಒಡೆದು ಟಲ್ಲಮೋರ್ ಜೈಲು, ಅಲ್ಲಿ ಉಪವಾಸ. ನಾನು ಬರೆದದ್ದು ಅಲ್ಲಿಗೇ ಮುಗಿದಿತ್ತು.

"ಮತ್ತೆ ಎಂತ ಮಾಡಿದ್ದು ಅವಳು?"

ಗೊತ್ತಿತ್ತು. ಬರೆಯಲು ಮನಸ್ಸು ಬಂದಿರಲಿಲ್ಲ. 1918ರಲ್ಲಿ ಐರ್ಲೆಂಡಿನಲ್ಲಿ ಮೂವತ್ತು ದಾಟಿದ ಹಲವು ಹೆಂಗಸರಿಗೆ ವೋಟು ಸಿಕ್ಕಿತು. ಆಕೆ ಆಗ ನಮ್ಮ ದೇಶದಲ್ಲಿದ್ದರು. ಜೈಲಿಗೆ ಹೋಗಿ ಕೇಳಿದ್ದು ಊರಿಗೆ ಬಂದಾಗ ಊರಿನಲ್ಲಿ ತಾವೇ ಇಲ್ಲ. ಅಷ್ಟು ದೊಡ್ಡ ಕೆಲಸ ಮುಗಿದ ಮೇಲೆ ಬೆಳಿಗ್ಗೆ ಎದ್ದು ಏನು ಮಾಡುವುದು? ಇವರ ಮಾತ್ರೆಯ ಹೊತ್ತಿಗೆ ಏಳುವುದೇ ನನಗೆ ಮೂರು ವರ್ಷದ ಅಭ್ಯಾಸ. ಇನ್ನು ಯಾಕೆ ಏಳಬೇಕು ಅಂತ ಕಿರುಚಿ ಅತ್ತುಬಿಟ್ಟೆ. ಚಿಕ್ಕಮ್ಮ ಅಳಬೇಡ ಅನ್ನಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತಿದ್ದರು. ತುಂಬಾ ಹೊತ್ತಾದ ಮೇಲೆ, "ಹೇಳು, ಮತ್ತೆ?" ಅಂದರು.

ಹೇಳಿದೆ. 1926ರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದ್ರಾಸ್ ಶಾಸನ ಸಭೆಯ ಚುನಾವಣೆಗೆ ನಿಲ್ಲುವಂತೆ ಒಪ್ಪಿಸಿದ್ದು. ಅವರು ಕೆಲವೇ ಮತಗಳಲ್ಲಿ ಸೋತದ್ದು. ಮರುವರ್ಷವೇ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾದದ್ದು. 1932ರ ಡಿಸೆಂಬರಿನಲ್ಲಿ ಮಾರ್ಗರೆಟ್ ಸರ್ಕಾರದ ಸುಗ್ರೀವಾಜ್ಞೆಯ ವಿರುದ್ಧ ಮದ್ರಾಸಿನಲ್ಲಿ ಮಾತಾಡಿ, 54ನೇ ವಯಸ್ಸಿಗೆ ವೆಲ್ಲೂರು ಜೈಲು ಸೇರಿದ್ದು.

"ಆ ಪ್ರಾಯದಲ್ಲಿ ಪುನಃ ಜೈಲಿಗೆ ಹೋದದ್ದಾ?" ಚಿಕ್ಕಮ್ಮ ನೆಟ್ಟಗೆ ಕೂತರು. "ಅದನ್ನು ಬರೆಯಬೇಕಲ್ವಾ?"

ಬೆಳಕು ಹರಿಯುವ ತನಕ ಬರೆದೆ. ಭಾನುವಾರ ನೀವು ನೋಡಿದ ಎರಡನೇ ಭಾಗ ಅದೇ.

ಚಿಕ್ಕಮ್ಮ, ಉಡುಪಿಯವರು ಕರೆದಿದ್ದಾರೆ. ನೀವೂ ಬರಬೇಕು.