ಮಲ್ಪೆಯಲ್ಲಿ ಕುದುರೆಯ ಗೊರಸು ಸವರಿದವರಿಗೆ

ಮಳೆ ಹಿಡಿದು ಮಲ್ಪೆ ಕಡಲತೀರ ಖಾಲಿಯಾದ ಮೇಲೆ, ಮಕ್ಕಳನ್ನು ಹೊತ್ತು ತಿರುಗುತ್ತಿದ್ದ ಆ ಬಿಳಿ ಕುದುರೆಯನ್ನು ಯಾರೋ ರಸ್ತೆಗೆ ಬಿಟ್ಟು ಹೋಗಿದ್ದರು. ದುಡಿಸಿಕೊಳ್ಳುವಾಗ ಇದ್ದ ಒಡೆಯರು ಮೇವು ಹಾಕುವ ಹೊತ್ತಿಗೆ ಇಲ್ಲ. ಪ್ರಾಣಿಯನ್ನು ಹೀಗೆ ಕೈಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಅದನ್ನು ಹೇಳಲು ಅಲ್ಲಿ ಬಹಳ ಜನರಿದ್ದರು. ಕೊಡೆ ಮಡಚಿಟ್ಟು ಕುದುರೆಯ ಕಾಲ ಬಳಿ ಕುಳಿತವರು ನೀವೊಬ್ಬರೇ.

ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಗೊರಸು ಹಳೆಯ ಚಪ್ಪಲಿಯ ತುದಿಯಂತೆ ಮುಂದಕ್ಕೆ ಬೆಳೆದು ಬಾಗಿತ್ತು. ಅಡಿಯ ಸಂದಿಯಲ್ಲಿ ಕೆಸರು ಮೆತ್ತಿ ಕೊಳೆತ ವಾಸನೆ. ನೀವು ಕಾಲನ್ನು ತೊಡೆಯ ಮೇಲೆತ್ತಿಕೊಂಡು ಮೊದಲು ಕೆಸರು ಕೆರೆದಿರಿ, ಆಮೇಲೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಅರದಿಂದ ಉಜ್ಜಿದಿರಿ. “ಒಮ್ಮೆಗೇ ಪೂರ್ತಿ ತೆಗೆದರೆ ಒಳಗಿನ ಮಾಂಸಕ್ಕೆ ತಾಗುತ್ತದೆ” ಎಂದಿರಿ. ಯಾರೋ ಪುಣ್ಯಾತ್ಮರು ಮದುವೆಮನೆಯಲ್ಲಿ ಉಳಿದ ಅನ್ನದ ಬಕೆಟ್ ತಂದಾಗ ಗದರಿಸಿದವರೂ ನೀವೇ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲವಂತೆ. ಹೊಟ್ಟೆಶೂಲೆ ಬಂದರೆ ಪ್ರಾಣಕ್ಕೇ ಕುತ್ತು. ಹುಲ್ಲು, ನೀರು ಸಾಕು ಎಂದಿರಿ. ಆ ಗದರಿಕೆ ಬೇಕಿತ್ತು; ದಯೆ ಎಂದರೆ ಅನ್ನ ಬಡಿಸುವುದು ಎಂದೇ ತಿಳಿದ ಊರು ನಮ್ಮದು.

ಕೊಟ್ಟ ಹಣವನ್ನೂ ಮುಟ್ಟಲಿಲ್ಲ.

ದೊಡ್ಡ ಉಪಕಾರವಾಯಿತು ಮಾರಾಯರೇ. ಕುದುರೆ ಈಗ ನಮ್ಮ ಪಕ್ಕದ ಮನೆಯ ಹಟ್ಟಿಯಲ್ಲಿದೆ, ಪಶುವೈದ್ಯರು ನೋಡಿಹೋಗಿದ್ದಾರೆ, ಕುಂಟುವುದು ಕಡಿಮೆಯಾಗಿದೆ. ಆರೆಂಟು ವಾರಕ್ಕೊಮ್ಮೆ ಗೊರಸು ಸವರಲೇಬೇಕು ಎಂದಿದ್ದಿರಲ್ಲ, ಆ ಹೊತ್ತು ಹತ್ತಿರ ಬಂದಿದೆ. ನಿಮ್ಮ ಅರವೂ ಇಲ್ಲೇ ಉಳಿದಿದೆ. ದಯವಿಟ್ಟು ಬನ್ನಿ, ಈ ಸಲ ಊಟ ಮಾಡಿಕೊಂಡೇ ಹೋಗಬೇಕು.