ನಗರದ ಬಾವಿಯಲ್ಲಿ ಸಿಕ್ಕ ರಾಕೆಟ್‌ಗಳು: ಪುರಾತತ್ವ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ,
ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ,
ಕರ್ನಾಟಕ ಸರ್ಕಾರ.

ವಿಷಯ: ನಗರದಲ್ಲಿ ದೊರೆತ ಕಬ್ಬಿಣದ ರಾಕೆಟ್‌ಗಳ ಸಂರಕ್ಷಣೆ ಮತ್ತು ಅವುಗಳ ಹಿಂದಿನ ಕಮ್ಮಾರಿಕೆಯ ದಾಖಲಾತಿ ಕುರಿತು.

ಮಾನ್ಯರೇ,

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2002ರಲ್ಲಿ ಬಾವಿಯೊಂದರ ಹೂಳೆತ್ತುವಾಗ ತುಕ್ಕು ಹಿಡಿದ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಟಿಪ್ಪು ಸುಲ್ತಾನನ ಕಾಲದ ಯುದ್ಧ ರಾಕೆಟ್‌ಗಳೆಂದು ಗುರುತಾಗಲು 2007ರವರೆಗೆ ಕಾಯಬೇಕಾಯಿತು. 2018ರ ಜುಲೈ ತಿಂಗಳಲ್ಲಿ ತಮ್ಮ ಇಲಾಖೆಯವರೇ ಅಲ್ಲಿ ಮೂರು ದಿನ ಅಗೆದಾಗ ಇನ್ನೂ 1,000ಕ್ಕಿಂತ ಹೆಚ್ಚು ರಾಕೆಟ್‌ಗಳು ಹೊರಬಂದವು. ಅವುಗಳ ಜೊತೆಗೆ, ರಾಕೆಟ್‌ಗಳನ್ನು ಜೋಡಿಸಲು ಬಳಸುತ್ತಿದ್ದ ಉಪಕರಣಗಳೂ ಸಿಕ್ಕವೆಂದು ಆಗಿನ ಪತ್ರಿಕೆಗಳು ವರದಿ ಮಾಡಿದವು. ನಮ್ಮ ತಾಲ್ಲೂಕಿನ ಮಣ್ಣು ಎರಡು ಶತಮಾನಕ್ಕೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದ ಈ ವಸ್ತುಗಳನ್ನು ಹೊರತೆಗೆದು ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯಕ್ಕೆ ತಲುಪಿಸಿದ ತಮ್ಮ ಸಿಬ್ಬಂದಿಗೆ ಮೊದಲಾಗಿ ನನ್ನ ನಮಸ್ಕಾರ.

ನಾನು ಕಮ್ಮಾರರ ಮನೆಯಲ್ಲಿ ಹುಟ್ಟಿದವನು. ತಂದೆಯವರು ಕತ್ತಿ, ಗುದ್ದಲಿ, ನೇಗಿಲಿನ ಕುಳ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳನ್ನು ಮಾಡಿ ಸಂಸಾರ ಸಾಕಿದರು. ನಾನು ಅವರಿಗೆ ತಿದಿ ಒತ್ತುತ್ತಲೇ ಓದಿ, ಮುಂದೆ ಶಾಲಾ ಶಿಕ್ಷಕನಾಗಿ ನಿವೃತ್ತನಾದೆ. ಆದ್ದರಿಂದ ಸುಮಾರು ಒಂದು ಗೇಣು ಉದ್ದದ ಆ ಕೊಳವೆಗಳ ವಿಷಯ ಬಂದಾಗ ನನ್ನ ಮನಸ್ಸು ಮೊದಲು ಹೋಗುವುದು ಸುಲ್ತಾನನ ಕಡೆಗಲ್ಲ, ಅವನ್ನು ಬಡಿದ ಸುತ್ತಿಗೆಯ ಕಡೆಗೆ. ಈ ಪತ್ರದಲ್ಲಿ ನಾನು ಕೇಳಿಕೊಳ್ಳುವುದೂ ಅದನ್ನೇ: ಈ ಆಯುಧಗಳು ಯಾರ ಕಾಲದವು ಎಂಬುದನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ, ಅವನ್ನು ಹೇಗೆ ಮಾಡಲಾಯಿತು ಎಂಬುದನ್ನೂ ದಾಖಲಿಸಬೇಕು.

ಮೈಸೂರಿನ ರಾಕೆಟ್‌ಗಳು ಹೆಸರುವಾಸಿಯಾದದ್ದೇ ಕಬ್ಬಿಣದ ಕೆಲಸದಿಂದ. ಬೇರೆಡೆ ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದ ಕಾಲದಲ್ಲಿ ಇಲ್ಲಿನವರು ಬಡಿದು ಮಾಡಿದ ಮೆದು ಕಬ್ಬಿಣದ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಒಳಗೆ ಮದ್ದನ್ನು ಗಟ್ಟಿಯಾಗಿ ಗಿಡಿದು, ಚರ್ಮದ ಪಟ್ಟಿಯಿಂದ ಅದನ್ನು ಬಿದಿರಿನ ಗಳುವಿಗೋ ಕತ್ತಿಯ ಅಲಗಿಗೋ ಬಿಗಿಯುತ್ತಿದ್ದರು. ಕಾಗದ ತಾಳಲಾರದ ಒತ್ತಡವನ್ನು ಕಬ್ಬಿಣ ತಾಳುತ್ತಿದ್ದುದರಿಂದಲೇ ರಾಕೆಟ್ ಅಷ್ಟು ದೂರ ಹಾರುತ್ತಿತ್ತು. 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಇವುಗಳ ಪೆಟ್ಟು ತಿಂದ ಇಂಗ್ಲಿಷರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆಲವನ್ನು ತಮ್ಮ ನಾಡಿಗೆ ಒಯ್ದು ಪರೀಕ್ಷಿಸಿದರು. ಅಲ್ಲಿನ ವಿಲಿಯಂ ಕಾಂಗ್ರೀವ್ ತಯಾರಿಸಿದ ರಾಕೆಟ್‌ಗಳು ಆ ಅಧ್ಯಯನದಿಂದಲೇ ಬೆಳೆದವು. ಕಾಂಗ್ರೀವನ ಹೆಸರು ಉಳಿಯಿತು. ತಗಡು ಬಡಿದ ಕಮ್ಮಾರರಲ್ಲಿ ಒಬ್ಬನ ಹೆಸರನ್ನೂ ನಾನು ಎಲ್ಲಿಯೂ ಓದಿಲ್ಲ.

ಹೆಸರು ಸಿಗದಿದ್ದರೂ ಕೈಯ ಗುರುತು ಸಿಗುತ್ತದೆ. ಕಾದ ತಗಡನ್ನು ಸಲಾಕೆಗೆ ಸುತ್ತಿ ಅಡಿಗಲ್ಲಿನ ಮೇಲೆ ಬಡಿದರೆ ಅಂಚಿಗೆ ಅಂಚು ಕೂಡುವಲ್ಲಿ ಗೆರೆ ಉಳಿಯುತ್ತದೆ. ಆ ಗೆರೆ ನೇರವಾಗಿದೆಯೇ ವಾಲಿದೆಯೇ, ತಗಡಿನ ದಪ್ಪ ಎಲ್ಲ ಕಡೆಯೂ ಒಂದೇ ಆಗಿದೆಯೇ, ಮುಚ್ಚಿದ ತುದಿಗೆ ಬೇರೆ ಬಿಲ್ಲೆ ಕೂಡಿಸಿದ್ದಾರೆಯೇ ಅಥವಾ ಅದೇ ತಗಡನ್ನು ಮಡಿಚಿದ್ದಾರೆಯೇ ಎಂಬುದನ್ನು ನೋಡಿ, ಅನುಭವವಿರುವ ಕಮ್ಮಾರ ಅದು ಪಳಗಿದ ಕೈಯದೋ ಕಲಿಯುವ ಹುಡುಗನದೋ ಎಂದು ಹೇಳಬಲ್ಲ. 1,000ಕ್ಕೂ ಹೆಚ್ಚು ಕೊಳವೆಗಳು ಒಂದೇ ಬಾವಿಯಿಂದ ಬಂದಿರುವಾಗ ಅವನ್ನು ಒಂದರ ಪಕ್ಕ ಒಂದಿಟ್ಟು ಅಳೆದರೆ, ಅವೆಲ್ಲ ಒಂದೇ ಅಚ್ಚಿನ ಅಳತೆಯವೋ, ಹಲವು ಕುಲುಮೆಗಳಲ್ಲಿ ಹಂಚಿ ಮಾಡಿಸಿದವೋ ಎಂಬುದಕ್ಕೆ ಉತ್ತರ ಸಿಕ್ಕೀತು. ಇಂಥ ಅವಕಾಶ ಬೇರೆ ಸಂಗ್ರಹಾಲಯಗಳಿಗಿಲ್ಲ. ಲಂಡನ್ನಿನ ವುಲಿಚ್‌ನಲ್ಲಿದ್ದ ಹೆಸರಾಂತ ಸಂಗ್ರಹದಲ್ಲೂ ಇದ್ದದ್ದು ಎರಡೇ ರಾಕೆಟ್. ಇನ್ನು ಆ ಉಪಕರಣಗಳಂತೂ ನನ್ನ ದೃಷ್ಟಿಯಲ್ಲಿ ರಾಕೆಟ್‌ಗಳಿಗಿಂತಲೂ ಬೆಲೆಯುಳ್ಳವು, ಏಕೆಂದರೆ ಬಾವಿಯ ಆಸುಪಾಸಿನಲ್ಲಿಯೇ ಕೆಲಸ ನಡೆದಿತ್ತು ಎಂಬುದಕ್ಕೆ ಅವೇ ಸಾಕ್ಷಿಯಾಗಬಲ್ಲವು. 1763ರಲ್ಲಿ ಹೈದರಾಲಿ ಕೆಳದಿ ಅರಸರ ಬಿದನೂರನ್ನು, ಅಂದರೆ ಇಂದಿನ ನಗರವನ್ನು, ಗೆದ್ದು ಹೈದರನಗರವೆಂದು ಕರೆದ ಮೇಲೆ ಅಲ್ಲಿ ಟಂಕಸಾಲೆಯನ್ನೂ ಆಯುಧಾಗಾರವನ್ನೂ ನಡೆಸಿದ್ದನೆಂದು ಇತಿಹಾಸದಲ್ಲಿ ಓದುತ್ತೇವೆ. ಆ ಮಾತಿಗೆ ಕಣ್ಣಿಗೆ ಕಾಣುವ ಆಧಾರ ಈ ಉಪಕರಣಗಳು.

ಸಂರಕ್ಷಣೆಯ ಬಗ್ಗೆ ತಮ್ಮ ತಜ್ಞರಿಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಆದರೂ ಮಲೆನಾಡಿನ ಮಳೆಗಾಲವನ್ನು ಬಲ್ಲವನಾಗಿ ಒಂದು ಮಾತು. ಹಸಿ ಮಣ್ಣಿನಲ್ಲಿ ಶತಮಾನಗಟ್ಟಲೆ ಇದ್ದ ಕಬ್ಬಿಣ ಹೊರಗಿನ ಗಾಳಿಗೆ ಬಂದ ಮೇಲೆ, ಒಳಗೆ ಸೇರಿಕೊಂಡಿರುವ ಲವಣಗಳಿಂದಾಗಿ, ಮೊದಲಿಗಿಂತ ಬೇಗ ಪದರ ಪದರವಾಗಿ ಎದ್ದು ಬೀಳುತ್ತದೆ. ಒಳಗೆ ಮದ್ದಿನ ಗಂಧಕ ಉಳಿದಿದ್ದರೆ ಅದೂ ಕಬ್ಬಿಣವನ್ನು ತಿನ್ನುತ್ತದೆ. ಕ್ಷಾರದ ದ್ರಾವಣದಲ್ಲಿ ವಾರಗಟ್ಟಲೆ ಇಟ್ಟು ಲವಣ ತೆಗೆಯುವುದು, ಟ್ಯಾನಿಕ್ ಆಮ್ಲದ ಲೇಪ ಕೊಡುವುದು, ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಪೆಟ್ಟಿಗೆಯಲ್ಲಿ ಇಡುವುದು, ಇವು ಎಲ್ಲೆಡೆ ಅನುಸರಿಸುವ ಕ್ರಮಗಳು. (ನಾವು ಅಡಿಕೆ ಬೇಯಿಸಿದ ಚೊಗರಿನಲ್ಲಿ ಇರುವುದೂ ಟ್ಯಾನಿನ್ನೇ, ಅದು ತಾಗಿದ ಕತ್ತಿಯ ಅಲಗು ಕಪ್ಪಾಗುವುದನ್ನು ಇಲ್ಲಿನ ಪ್ರತಿ ಮನೆಯವರೂ ಕಂಡಿದ್ದಾರೆ.) ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮ ಊರುಗಳಲ್ಲಿ ಇಷ್ಟು ಸಂಖ್ಯೆಯ ವಸ್ತುಗಳನ್ನು ಕಾಯುವುದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ಇದಕ್ಕೆ ಪ್ರತ್ಯೇಕ ಅನುದಾನವೂ, ಶಿವಮೊಗ್ಗದಲ್ಲಿಯೇ ಇದ್ದು ನೋಡಿಕೊಳ್ಳುವ ಒಬ್ಬ ಸಂರಕ್ಷಣಾ ರಸಾಯನಜ್ಞರೂ ಬೇಕು.

ಕೆಲವು ವರ್ಷಗಳ ಹಿಂದೆ ಬೇರೊಂದು ಜಿಲ್ಲೆಯ ಸಂಗ್ರಹಾಲಯದಲ್ಲಿ ಕತ್ತಿಯೊಂದರ ಮುಂದೆ ನಿಂತಿದ್ದೆ. ಫಲಕದಲ್ಲಿ ಅರಸನ ಹೆಸರಿತ್ತು, ಶತಮಾನವಿತ್ತು, ಬೇರೇನೂ ಇರಲಿಲ್ಲ. ನನ್ನ ಜೊತೆಗಿದ್ದ ಮೊಮ್ಮಗಳು “ಇದನ್ನು ಮಾಡಿದ್ದು ಯಾರು ಅಜ್ಜ?” ಎಂದು ಕೇಳಿದಳು, ಕಮ್ಮಾರನ ಮಗನಾದ ನನಗೂ ಹೇಳಲು ಏನೂ ಇರಲಿಲ್ಲ. ನಗರದ ರಾಕೆಟ್‌ಗಳ ಮುಂದೆ ನಿಲ್ಲುವ ಮಕ್ಕಳಿಗೆ ತಗಡು, ಸಲಾಕೆ, ತಿದಿ, ಮದ್ದು, ಬಿದಿರು ಇವೆಲ್ಲ ಹೇಗೆ ಒಂದು ಆಯುಧವಾದವು ಎಂಬುದನ್ನು ಸರಳ ಕನ್ನಡದಲ್ಲಿ, ಚಿತ್ರಸಹಿತ ತಿಳಿಸುವ ಫಲಕ ಇರಲಿ. ಕೆಲವನ್ನಾದರೂ ನಗರದಲ್ಲಿಯೇ, ಭದ್ರವಾದ ಕೊಠಡಿಯೊಂದರಲ್ಲಿ, ನೋಡಲು ಇಡುವಂತಾದರೆ ಕೋಟೆ ನೋಡಿ ಕೊಡಚಾದ್ರಿಯ ಕಡೆಗೆ ಹೊರಡುವ ಜನ ಅಲ್ಲಿ ಸ್ವಲ್ಪ ಹೊತ್ತು ನಿಂತಾರು.

ನನ್ನ ಕಡೆಯ ವಿನಂತಿ ಎಲ್ಲಕ್ಕಿಂತ ತುರ್ತಿನದು. ನಮ್ಮ ಹೋಬಳಿಯಲ್ಲಿ ಕುಲುಮೆ ನಡೆಸಿ ಬದುಕಿದ ಹಿರಿಯರು ಈಗ ಮೂವರು ಮಾತ್ರ ಉಳಿದಿದ್ದಾರೆ. ಎಲ್ಲರಿಗೂ ಎಪ್ಪತ್ತು ದಾಟಿದೆ, ಒಬ್ಬರಿಗೆ ಕಣ್ಣು ಮಂಜಾಗುತ್ತಿದೆ. ತಮ್ಮ ಅಧಿಕಾರಿಗಳ ಸಮ್ಮುಖದಲ್ಲಿ ಈ ಕೊಳವೆಗಳನ್ನೂ ಉಪಕರಣಗಳನ್ನೂ ಅವರಿಗೆ ಒಮ್ಮೆ ತೋರಿಸಿ, ಅವರು ಹೇಳುವುದನ್ನು ಬರೆದಿಟ್ಟುಕೊಳ್ಳಲು ತಾವು ಅನುಮತಿ ಕೊಡಬೇಕು. ಮುಂದಿನ ಮಳೆಗಾಲ ಹಿಡಿಯುವ ಮುಂಚೆ ಯಾವ ದಿನ ಗೊತ್ತುಮಾಡಿದರೂ ಸರಿ, ಮೂವರನ್ನೂ ಶಿವಮೊಗ್ಗಕ್ಕೆ ನಾನೇ ಕರೆತರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಹೊಸನಗರ ತಾಲ್ಲೂಕಿನ ಒಬ್ಬ ನಿವೃತ್ತ ಶಿಕ್ಷಕ