ತಾಪಮಾನ ಇಳಿಯಿತೆಂದು ನಿರಾಳ ಬೇಡ, ಗೋಡೆ ತಟ್ಟಿ ನೋಡಿ

ಮಾನ್ಯ ಸಂಪಾದಕರೇ,

ತೋರಣಗಲ್ಲು, ಕೊಪ್ಪಳದ ಕಡೆ ಇರುವಂಥ ಬ್ಲಾಸ್ಟ್ ಫರ್ನೇಸುಗಳ (ಅದಿರಿನಿಂದ ಕಬ್ಬಿಣ ತೆಗೆಯುವ ಕುಲುಮೆಗಳ) ತಳದಲ್ಲಿ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನ ಕರಗಿದ ಕಬ್ಬಿಣ ನಿಂತಿರುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ಕಾರ್ಬನ್ ಬ್ಲಾಕಿನ ಗೋಡೆ ಕಟ್ಟುತ್ತಾರೆ. ಆ ಗೋಡೆಯ ಆರೋಗ್ಯಕ್ಕೆ ತಾಪಮಾನ ಅಳೆಯುವ ಥರ್ಮೋಕಪಲ್ಲನ್ನಷ್ಟೇ ನಂಬುವುದು ಅಪಾಯಕಾರಿ. ಗೋಡೆಯ ಹೊರಗಿನ ಉಕ್ಕಿನ ಕವಚಕ್ಕೆ ಸಮಾನಾಂತರವಾಗಿ ಬ್ಲಾಕು ಬಿರುಕು ಬಿಟ್ಟರೆ ಆ ಸಂದು ಶಾಖವನ್ನು ತಡೆಯುತ್ತದೆ. ಹೊರಬದಿಯ ಥರ್ಮೋಕಪಲ್ ಕಡಿಮೆ ತೋರಿಸುತ್ತದೆ, ಎಲ್ಲರಿಗೂ ಸಮಾಧಾನ. ಬಿರುಕಿನ ಒಳಬದಿಯ ಕಾರ್ಬನ್ ಮಾತ್ರ ತಂಪು ಸಿಗದೆ ಬೇಗಬೇಗ ಸವೆಯುತ್ತಿರುತ್ತದೆ.

ಇಂಥ ಬಿರುಕು ಶಬ್ದಕ್ಕೆ ಸಿಕ್ಕಿಬೀಳುತ್ತದೆ. ಕವಚದ ಬಣ್ಣ, ತುಕ್ಕು ಉಜ್ಜಿ ತೆಗೆದು ಸೆನ್ಸರ್ ಬಿಗಿಯಾಗಿ ಕೂರಿಸಿ, ಹತ್ತಿರದಲ್ಲೇ ಸುತ್ತಿಗೆಯಿಂದ ಹೊಡೆಯಬೇಕು. ವೆಲ್ಡ್, ಪೈಪುಗಳಿಂದ ದೂರವಿರಬೇಕು. ಪೆಟ್ಟಿನ ಶಬ್ದದ ಅಲೆ ಒಳಗೆ ಹೋಗಿ ಮರಳುತ್ತದೆ; ದೂರ ಹೆಚ್ಚಿದಷ್ಟೂ ಪ್ರತಿಧ್ವನಿಯ ಆವರ್ತನ ಕಡಿಮೆ. ಅಲೆಯ ವೇಗ ಸೆಕೆಂಡಿಗೆ 2500 ಮೀಟರ್ ಎಂದಿಟ್ಟುಕೊಂಡರೆ, 1 ಮೀಟರ್ ದಪ್ಪದ ಗೋಡೆಯ ಪ್ರತಿಧ್ವನಿ 1250 ಹರ್ಟ್ಸ್ ಸುಮಾರಿಗೆ ಕಾಣುತ್ತದೆ, 40 ಸೆಂ.ಮೀ. ಆಳದಲ್ಲಿರುವ ಬಿರುಕಿನದು 3125ಕ್ಕೆ. ಒಂದೇ ಜಾಗದಲ್ಲಿ ಹಲವು ಸಲ ಹೊಡೆದಾಗಲೂ ಅದೇ ಆವರ್ತನದಲ್ಲಿ ಶಿಖರ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಿಕ್ಕ ಸುತ್ತಿಗೆಯ ಪೆಟ್ಟು ಆಳಕ್ಕೆ ಇಳಿಯದು, ದೊಡ್ಡದರ ಪೆಟ್ಟಿಗೆ ಮೇಲ್ಪದರದ ದೋಷ ಕಾಣದು; ಎರಡೂ ಬೇಕು. ಲೋಹ ಪರೀಕ್ಷೆಯ ಮೆಗಾಹರ್ಟ್ಸ್ ಅಲ್ಟ್ರಾಸೌಂಡ್ ಇಲ್ಲಿ ಕೆಲಸಕ್ಕೆ ಬಾರದು, ಒರಟು ಕಣಗಳಲ್ಲಿ ಅದು ಚದುರಿಹೋಗುತ್ತದೆ.

ಎಡವುವುದು ಹೆಚ್ಚಾಗಿ ವೇಗದ ಅಂಕಿಯಲ್ಲಿ. ಶೇ 10ರಷ್ಟು ಹೆಚ್ಚು ವೇಗ ಹಿಡಿದರೆ 60 ಸೆಂ.ಮೀ. ಗೋಡೆ 66 ಎಂದು ಕಾಣುತ್ತದೆ, ಅಂದರೆ ತಪ್ಪು ಅಪಾಯದ ಕಡೆಗೇ ವಾಲುತ್ತದೆ. ಒಳಮುಖಕ್ಕೆ ಗಟ್ಟಿಯಾಗಿ ಅಂಟಿದ ಕಿಟ್ಟವೂ ಗೋಡೆಯಂತೆಯೇ ಅಳತೆಗೆ ಸೇರಿಬಿಡಬಹುದು. ಕವಚಕ್ಕೂ ಬ್ಲಾಕಿಗೂ ನಡುವೆ ಸಂದಿದ್ದರಂತೂ ಅಲೆ ಒಳಗೆ ಹೋಗುವುದೇ ಇಲ್ಲ, ಬರೀ ಉಕ್ಕು ಮೊಳಗುತ್ತದೆ. ಆಗ ಆ ಜಾಗದಲ್ಲಿ ದಪ್ಪ ಬರೆಯಬಾರದು, ‘ಸಂದು’ ಎಂದೇ ಬರೆಯಬೇಕು. ಅದನ್ನು ತುಂಬಲು ಹೆಚ್ಚಿನ ಒತ್ತಡದಲ್ಲಿ ಗಾರೆಯಂಥ ಗ್ರೌಟ್ ನುಗ್ಗಿಸಿದರೆ ಸವೆದ ಬ್ಲಾಕುಗಳೇ ಒಳಕ್ಕೆ ಸರಿಯಬಹುದು.

ಆದ್ದರಿಂದ ಹೊಸ ಲೈನಿಂಗ್ (ಒಳಗೋಡೆ) ಹಾಕಿಸುವ ಕಾರ್ಖಾನೆಗಳಲ್ಲಿ ನಮ್ಮ ಕೋರಿಕೆ ಇಷ್ಟೇ. ಅದೇ ಬ್ಯಾಚಿನ ಒಂದೆರಡು ಬ್ಲಾಕು ಎತ್ತಿಟ್ಟು, ತಣ್ಣಗಿದ್ದಾಗಲೂ ಕಾಯಿಸಿಯೂ ವೇಗ ಅಳೆಯಿರಿ. ಕುಲುಮೆ ಹೊತ್ತಿಸುವ ಮೊದಲೇ ಕವಚದ ಮೇಲೆ ಬಿಂದುಗಳನ್ನು ಗುರುತಿಸಿ ಮೊದಲ ಅಳತೆ ದಾಖಲಿಸಿ. ಕರಗಿದ ಕಬ್ಬಿಣ ಹೊರಬಿಡುವ ಟ್ಯಾಪ್ ಹೋಲ್ ಕೆಳಗೆ, ಅಕ್ಕಪಕ್ಕ ಬಿಂದುಗಳು ಒತ್ತಾಗಿರಲಿ; ಸವೆತ ಅಲ್ಲೇ ಜಾಸ್ತಿ.

– ಕುಲುಮೆ ನಿರ್ವಹಣೆಯ ಎಂಜಿನಿಯರುಗಳು, ಬಳ್ಳಾರಿ